ಹೆಸರು ಹೊಲಿದವಳು, ಹೆಸರು ಹೊಲಿಯದವರು

ನಮ್ಮ ಅನೇಕ ಮನೆಗಳ ಹೊರಕೋಣೆಯಲ್ಲಿ ಗಾಜಿನ ಕಟ್ಟು ಹಾಕಿಸಿದ ಮ್ಯಾಟಿ ಬಟ್ಟೆಯೊಂದನ್ನು ವಾಚಕರು ಕಂಡಿರಬಹುದು. ಎರಡು ಹಂಸ, ಒಂದು ಹೂಬುಟ್ಟಿ, ಕೆಳಗೆ ‘ಸುಸ್ವಾಗತ’ ಎಂಬ ಅಕ್ಷರಗಳು. ಎಲ್ಲವೂ ಗುಣಾಕಾರದ ಚಿಹ್ನೆಯಂಥ ಪುಟ್ಟ ಹೊಲಿಗೆಗಳಿಂದ ಆದದ್ದು. ಮದುವೆಗೋ ಗೃಹಪ್ರವೇಶಕ್ಕೋ ಯಾರೋ ಕೈಯಾರೆ ಮಾಡಿ ಕೊಟ್ಟ ಉಡುಗೊರೆ. ‘ಕ್ರಾಸ್ ಸ್ಟಿಚ್’ ಎಂಬ ಹೆಸರಿನಿಂದಾಗಿ ಇದು ಪೂರ್ತಿಯಾಗಿ ಇಂಗ್ಲಿಷರು ಕಲಿಸಿದ ವಿದ್ಯೆ ಎಂದು ಹಲವರ ಭಾವನೆ. ಆದರೆ ಬಟ್ಟೆಯ ಎಳೆ ಎಣಿಸಿ ಚಿತ್ರ ಕಟ್ಟುವ ಕಲೆ ಅವರಲ್ಲಿ ಬೆಳೆದಂತೆ ನಮ್ಮಲ್ಲಿಯೂ ಬೆಳೆದಿದೆ. ಎರಡರ ಚರಿತ್ರೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಾವು ಕಲಿಯಬೇಕಾದ ಪಾಠವೊಂದಿದೆ.

ಮೊದಲು ಅವರ ಕಥೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1598ರ ಒಂದು ನಾರುಬಟ್ಟೆಯ ತುಂಡಿದೆ. ಇಸವಿ ನಮೂದಾಗಿರುವ ಬ್ರಿಟಿಷ್ ಹೊಲಿಗೆ ಮಾದರಿಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪ್ರಸಿದ್ಧಿ. ಹೊಲಿದವಳು ಜೇನ್ ಬಾಸ್ಟಕ್. ರೇಷ್ಮೆ ಮತ್ತು ಲೋಹದ ದಾರ, ಸಣ್ಣ ಮುತ್ತುಗಳು, ಕ್ರಾಸ್ ಸ್ಟಿಚ್ ಮೊದಲಾದ ಹಲವು ಬಗೆಯ ಹೊಲಿಗೆಗಳು ಅದರಲ್ಲಿವೆ. ಮೇಲ್ಭಾಗದಲ್ಲಿ ನಾಯಿ, ಜಿಂಕೆ, ಸರಪಳಿ ಕಟ್ಟಿದ ಕರಡಿ. ಬೆನ್ನ ಮೇಲೆ ಕೋಟೆ ಹೊತ್ತ ಆನೆಯನ್ನೂ ಹಾಕಿ ಬಿಚ್ಚಿದ ಗುರುತು ಉಳಿದಿದೆ. ಜೊತೆಗೆ ತನ್ನ ಹೆಸರು ಮತ್ತು ಇಸವಿಯನ್ನು, ಆಲಿಸ್ ಲೀ ಎಂಬ ಮಗು 1596ರ ನವೆಂಬರ್ 23, ಮಂಗಳವಾರ ಮಧ್ಯಾಹ್ನದ ಮೇಲೆ ಹುಟ್ಟಿತೆಂಬ ವಿವರವನ್ನು ಆಕೆ ಹೊಲಿದಿಟ್ಟಳು. ಮಗುವಿನ ನೆನಪಿಗಾಗಿ ಮಾಡಿದ ಈ ಮನೆಗೆಲಸ ನಾಲ್ಕು ಶತಮಾನ ದಾಟಿ ಇಂದಿಗೂ ಹೆಸರುಳ್ಳ ವಸ್ತುವಾಗಿದೆ.

ಯುರೋಪಿನಲ್ಲಿ ಈ ಚಿತ್ತಾರಗಳು ಬೇಗನೆ ಕಾಗದಕ್ಕೆ ಇಳಿದವು. ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ 1520ರ ದಶಕದಲ್ಲಿಯೇ ಕಸೂತಿ ಮಾದರಿಗಳ ಪುಸ್ತಕ ಅಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ವ್ಯಾಪಾರಿಗಳು ಚೌಕಳಿ ಕಾಗದದ ಮೇಲೆ ಬಣ್ಣ ತುಂಬಿದ ನಕ್ಷೆಗಳನ್ನು ಮಾರತೊಡಗಿದರು. ಒಂದು ಚೌಕಕ್ಕೆ ಒಂದು ಹೊಲಿಗೆ. ಎಣಿಸಲು ಬಂದವರಿಗೆಲ್ಲ ಕೆಲಸ ಸಾಧ್ಯ. 1886ರಲ್ಲಿ ತೆರೇಸ್ ದ ದಿಲ್ಮೋಂ ಎಂಬಾಕೆ ಸೂಜಿಗೆಲಸದ ದೊಡ್ಡ ವಿಶ್ವಕೋಶವನ್ನೇ ಪ್ರಕಟಿಸಿದಳು.

ಇನ್ನು ನಮ್ಮ ಕಥೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆಗಳು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಮೆಂತೆಕಾಳಿನಂತೆ ಕಾಣುವ ಈ ಕೊನೆಯದೇ ಇಂದಿನ ಕ್ರಾಸ್ ಸ್ಟಿಚ್. ಗವಂತಿಯಲ್ಲಿ ಸೂಜಿ ಒಂದೊಂದು ಹೊಲಿಗೆಯ ಜಾಗ ಬಿಟ್ಟು ಮುಂದೆ ಸಾಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮೈ ಒಂದೇ ತರಹ ಕಾಣಬೇಕು. ಚಿತ್ರದ ಪ್ರತಿ ಗೆರೆಯನ್ನೂ ಎರಡು ಸಲ ಹಾದು ಹೊರಟ ಜಾಗಕ್ಕೇ ಮರಳುವ ಈ ದಾರಿಯನ್ನು ಗಣಿತ ಓದಿದವರು ಕಾಗದದ ಮೇಲೆ ಬಿಡಿಸಿ ನೋಡಬೇಕಾದೀತು. ನಮ್ಮ ಅಜ್ಜಿಯರಿಗೆ ಅದು ಬೆರಳ ತುದಿಯ ರೂಢಿ. ಇದೇ ಹೊಲಿಗೆಗೆ ಯುರೋಪಿನಲ್ಲಿ ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್ಬೈನ್‌ನ ಹೆಸರಿದೆ. ಆತ ಬರೆದ ಚಿತ್ರಗಳಲ್ಲಿ ಗಣ್ಯರ ಅಂಗಿಯ ಕೊರಳಪಟ್ಟಿ, ತೋಳಿನ ಅಂಚುಗಳಲ್ಲಿ ಇಂಥ ಕೆಲಸ ಕಾಣುತ್ತದೆ.

ನಮ್ಮ ಕಸೂತಿಯೂ ಬಹುಪಾಲು ಉಡುಗೊರೆಯೇ. ಮದುಮಗಳಿಗೆ ಕಪ್ಪು ಚಂದ್ರಕಾಳಿ ಸೀರೆ, ಇಲಕಲ್ ಸೀರೆಯ ಸೆರಗು, ಖಣದ ಕುಪ್ಪಸ, ಕೂಸಿಗೆ ಕುಂಚಿಗೆ. ಅವುಗಳ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ನವಿಲು, ತೊಟ್ಟಿಲು. ಜೇನ್ ಬಿಚ್ಚಿಹಾಕಿದ ಆನೆ ನಮ್ಮಲ್ಲಿ ಅಂಬಾರಿ ಹೊತ್ತು ಸೆರಗಿನ ತುಂಬ ನಡೆದಿದೆ. ಬಟ್ಟೆಯ ಮೇಲೆ ಗೆರೆ ಎಳೆಯುವ ಪದ್ಧತಿಯಿಲ್ಲ, ಮುಂದೆ ನಕ್ಷೆಯಿಲ್ಲ. ತಾಯಿಯ ಎಣಿಕೆ ಮಗಳ ಕೈಗೆ ಬಂದು, ಅವಳೊಡನೆ ಗಂಡನ ಮನೆಗೆ ಹೋಗುತ್ತಿತ್ತು. ಹೊಲಿದವಳ ಹೆಸರಾಗಲಿ ಇಸವಿಯಾಗಲಿ ಹಾಕುವ ರೂಢಿ ಇರಲಿಲ್ಲ. ಯಾರದೆಂದು ಮನೆಯವರಿಗೆಲ್ಲ ಗೊತ್ತಿರುವಾಗ ಬರೆಯುವುದೇಕೆ?

ಮನೆಯವರು ಒಂದೇ ಊರಿನಲ್ಲಿ ಇರುವವರೆಗೆ ಇದು ಸರಿ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಆಡಳಿತಕ್ಕೇ ಸೇರಿದ್ದವು. ನೌಕರಿಗಾಗಿ, ಓದಿಗಾಗಿ ಆ ಕಡೆಯವರು ಮುಂಬಯಿ, ಪುಣೆಗಳಿಗೆ ಬಂದರು. ಟ್ರಂಕಿನ ತಳದಲ್ಲಿ ಸೀರೆಯೂ ಬಂತು. ಬಾಡಿಗೆ ಖೋಲಿಯಲ್ಲಿ ಜಾಗವಿಲ್ಲ, ಹೊಲಿಯಲು ಪುರುಸೊತ್ತಿಲ್ಲ. ಎಷ್ಟೋ ಹಳೆಯ ಸೀರೆಗಳು ಬಾಗಿಲಿಗೆ ಬಂದ ಪಾತ್ರೆಯವಳ ಪಾಲಾಗಿ, ಬದಲಿಗೆ ಸ್ಟೀಲಿನ ಡಬ್ಬಿ ಮನೆ ಸೇರಿತು. ಹೋದದ್ದು ಬರಿಯ ಬಟ್ಟೆಯಲ್ಲ. ಯಾವ ಕಾಗದದಲ್ಲಿಯೂ ಇಲ್ಲದ ಒಂದು ನಕ್ಷೆ.

ಕಸೂತಿಗೆ ಈಗ ಭೌಗೋಳಿಕ ಗುರುತಿನ ಕಾನೂನು ರಕ್ಷಣೆ ದೊರೆತಿದೆ, ಸಂತೋಷ. ಆದರೆ ನಿಮ್ಮ ಅಜ್ಜಿಯ ಸೆರಗಿನ ಎಣಿಕೆಯನ್ನು ಸರಕಾರ ಬಂದು ಬರೆದುಕೊಳ್ಳದು. ಆ ಕೆಲಸ ನಮ್ಮದೇ, ಕಷ್ಟವೂ ಅಲ್ಲ. ಹಳೆಯ ಸೀರೆಯಿದ್ದರೆ ಭೂತಗನ್ನಡಿ ಹಿಡಿದು ಒಂದು ಗೋಪುರದ ಹೊಲಿಗೆಗಳನ್ನು ಎಣಿಸಿ ಗ್ರಾಫ್ ಕಾಗದದಲ್ಲಿ ಗುರುತಿಸಿರಿ. ಮಕ್ಕಳ ಗಣಿತದ ಪುಸ್ತಕವೂ ಸಾಕು. ಚಿತ್ರ 70 ಚೌಕ ಅಗಲ, 98 ಚೌಕ ಎತ್ತರ ಬಂತೆನ್ನಿ. ಅಂಗುಲಕ್ಕೆ 14 ಚೌಕದ ಬಟ್ಟೆಯಲ್ಲಿ ಅದು 5 ಅಂಗುಲ ಅಗಲ, 7 ಅಂಗುಲ ಎತ್ತರವಾಗುತ್ತದೆ. ಕಟ್ಟು ಹಾಕಿಸಲು ಸುತ್ತ ಮೂರು ಅಂಗುಲ ಬಿಟ್ಟರೆ 11ಕ್ಕೆ 13 ಅಂಗುಲದ ಬಟ್ಟೆ ಬೇಕು. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡುಮಧ್ಯ ಕಂಡುಕೊಂಡು ಅಲ್ಲಿಂದಲೇ ಆರಂಭಿಸಿರಿ; ಮೇಲಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಬೀಳಲಿ. ಕನ್ನಡ ಅಕ್ಷರ ದುಂಡು. ಚೌಕದಲ್ಲಿ ಕೂರಿಸಲು ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು, ಒತ್ತಕ್ಷರಕ್ಕೆ ಕೆಳಗೆ ಸ್ಥಳ ಮೊದಲೇ ಬಿಟ್ಟಿರಬೇಕು.

ಮುಂದಿನ ನಾಮಕರಣಕ್ಕೋ ಮದುವೆಗೋ ಅಂಗಡಿಯ ಪೆಟ್ಟಿಗೆಯ ಬದಲು ಇಂಥದೊಂದನ್ನು ಕೊಡಬಹುದಲ್ಲವೇ? ಚಿತ್ತಾರ ಅಜ್ಜಿಯದಿರಲಿ, ಪದ್ಧತಿಯೊಂದನ್ನು ಮಾತ್ರ ಜೇನ್ ಬಾಸ್ಟಕಳಿಂದ ಪಡೆಯೋಣ. ಕೆಳಮೂಲೆಯಲ್ಲಿ ಮಗುವಿನ ಹೆಸರು, ಹೊಲಿದವರ ಹೆಸರು, ಊರು, ಇಸವಿ ಇರಲಿ. ಈ ಎಣಿಕೆ ಕಲಿಸಿದವರ ಹೆಸರು ನೆನಪಿದ್ದರೆ ಅದನ್ನೂ ಕನ್ನಡದಲ್ಲಿಯೇ ಹೊಲಿದುಬಿಡಿ.