‘ಗೈ’ ಎಂಬ ಹೆಸರು

ಇಂಗ್ಲಿಷಿನ ‘ಗೈ’ ಎಂಬ ಸಲಿಗೆಯ ಮಾತಿಗೆ ನಮ್ಮ ‘ಆಸಾಮಿ’ ಸರಿಯಾದ ಜೋಡಿ. ಹಳಗನ್ನಡದ ‘ಗೈ’ ಧಾತುವಿಗೂ ಇದಕ್ಕೂ ನಂಟಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ‘ಆಸಾಮಿ’ಯ ಮೂಲ, ಹೆಸರುಗಳು ಎಂಬರ್ಥದ ಅರಬ್ಬೀ ಶಬ್ದ. ‘ಗೈ’ಯ ಮೂಲವಾದರೋ ಒಬ್ಬನೇ ಮನುಷ್ಯನ ಹೆಸರು, ಅದೂ ಅವನು ಬಚ್ಚಿಡಲು ಯತ್ನಿಸಿದ ಹೆಸರು.

1605ರ ನವೆಂಬರ್ 4ರ ನಡುರಾತ್ರಿಯ ಹೊತ್ತಿಗೆ ಲಂಡನ್ನಿನ ಪಾರ್ಲಿಮೆಂಟಿನ ಕೆಳಗಣ ಕೋಣೆಯಲ್ಲಿ ಒಬ್ಬನು ಸಿಕ್ಕಿಬಿದ್ದನು. ಅಲ್ಲಿ 36 ಪೀಪಾಯಿ ಸಿಡಿಮದ್ದಿತ್ತು. ಮರುದಿನ ಅಧಿವೇಶನಕ್ಕೆ ಬರಲಿದ್ದ ದೊರೆ ಒಂದನೆಯ ಜೇಮ್ಸನನ್ನು ಸಭೆಯ ಸಮೇತ ಸುಡಬೇಕೆಂಬುದು ಕೆಲವು ಕ್ಯಾಥೊಲಿಕರ ಸಂಚು. ಹೆಸರು ಕೇಳಿದರೆ ಜಾನ್ ಜಾನ್ಸನ್ ಎಂದನು. ಚಿತ್ರಹಿಂಸೆಯ ಬಳಿಕ ನಿಜ ಹೊರಬಿತ್ತು: ಯಾರ್ಕ್ ಪಟ್ಟಣದ ಗೈ ಫಾಕ್ಸ್. 1606ರ ಜನವರಿ 31ರಂದು ಅವನಿಗೆ ಮರಣದಂಡನೆಯಾಯಿತು. ಸಂಚಿನ ಮುಖಂಡ ರಾಬರ್ಟ್ ಕೇಟ್ಸ್‌ಬಿಯ ಹೆಸರು ಪುಸ್ತಕದಲ್ಲಿ ಉಳಿಯಿತು. ಮದ್ದು ಕಾಯುತ್ತಿದ್ದವನ ಹೆಸರು ಬೀದಿಗೆ ಬಂತು.

ನವೆಂಬರ್ 5 ದೇವರಿಗೆ ಕೃತಜ್ಞತೆ ಸಲ್ಲಿಸುವ ದಿನವೆಂದು ಪಾರ್ಲಿಮೆಂಟು ಶಾಸನ ಮಾಡಿತು. 1859ರವರೆಗೂ ಅದು ಜಾರಿಯಲ್ಲಿತ್ತು. ಮೊದಮೊದಲು ಪೋಪನ ಪ್ರತಿಕೃತಿಯನ್ನು ಸುಡುವುದೂ ಉಂಟಾಗಿತ್ತು. ಬರುಬರುತ್ತ ಹುಲ್ಲು ತುಂಬಿ ಚಿಂದಿ ತೊಡಿಸಿದ ಫಾಕ್ಸನ ಬೊಂಬೆಯೇ ಮುಖ್ಯವಾಯಿತು. ಮಕ್ಕಳು ಅದನ್ನು ಹೊತ್ತು ತಿರುಗಿ ಪೆನ್ನಿ ಬೇಡುತ್ತಿದ್ದರು. ಆ ಬೊಂಬೆಯೇ ‘ಗೈ’. ಹತ್ತೊಂಬತ್ತನೆಯ ಶತಮಾನದಲ್ಲಿ, ವಿಕಾರವಾಗಿ ಉಡುಪು ತೊಟ್ಟವನನ್ನು ಹಾಗೆ ಕರೆದು ಹಾಸ್ಯ ಮಾಡುವುದು ಬಂತು. ಅದೇ ಶತಮಾನದಲ್ಲಿ ಅಮೆರಿಕದಲ್ಲಿ ಹಾಸ್ಯವೂ ಕಳಚಿ, ಯಾವನೇ ಗಂಡಸಾದರೂ ‘ಗೈ’ ಆದನು.

ನಮ್ಮಲ್ಲಿ ಶಕುನಿ, ಕುಂಭಕರ್ಣ ಎಂದರೆ ಅವರ ಕಥೆಯೂ ಜೊತೆಗೇ ಬರುತ್ತದೆ. ಕಥೆ ಇನ್ನೂ ಬದುಕಿದೆಯಲ್ಲ! ಅಮೆರಿಕದ ಜನರ ಮನಸ್ಸಿನಲ್ಲಿ ಫಾಕ್ಸನ ಕಥೆ ಮಸುಕಾದದ್ದರಿಂದಲೇ ಅವನ ಹೆಸರಿಗೆ ಅಂಟಿದ್ದ ಮತದ್ವೇಷ ತೊಳೆದುಹೋಯಿತೆಂದು ನನ್ನ ಎಣಿಕೆ.

ಈ ಶಬ್ದಕ್ಕೆ ಇನ್ನೊಂದು ಉದ್ಯೋಗವೂ ದೊರಕಿತು. ಏಕವಚನದ ‘ದೌ’ ಬಳಕೆ ತಪ್ಪಿದ ಮೇಲೆ ಇಂಗ್ಲಿಷಿನ ‘ಯೂ’ ಒಬ್ಬರಿಗೂ ಹಲವರಿಗೂ ಒಂದೇ ಆಯಿತು. ಗೌರವದ ‘ನೀವು’ ಒಬ್ಬರಿಗೂ ಸಲ್ಲುವುದರಿಂದ ನಾವು ‘ನೀವೆಲ್ಲ’ ಎನ್ನುವುದಿಲ್ಲವೆ? ಅವರು ‘ಯೂ ಗೈಸ್’ ಎಂದರು. ಅದರಲ್ಲಿ ಹೆಂಗಸರೂ ಸೇರುತ್ತಾರೆ. ಗಂಡಸಿನ ಮಾತನ್ನು ತಮಗೇಕೆ ಅಂಟಿಸಬೇಕೆಂದು ಆಕ್ಷೇಪಿಸುವ ಮಹಿಳೆಯರಿದ್ದಾರೆ, ಆಕ್ಷೇಪ ನ್ಯಾಯವಾದದ್ದೇ. ಗಲ್ಲಿಗೇರಿದವನ ಹೆಸರೆಂದು ಬೇಡವೆಂದವರನ್ನು ಮಾತ್ರ ನಾನು ಕಂಡಿಲ್ಲ.