ಕಾಲೇಜು ಅಂಗಳದಿಂದ ವೃತ್ತಿ ಅಂಗಳಕ್ಕೆ

ನಿಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳವನ್ನು ಒಮ್ಮೆ ನೆನಪಿಸಿಕೊಳ್ಳಿ. ಸಂಜೆ ತರಗತಿ ಮುಗಿದ ಮೇಲೆ ಐದಾರು ಮಂದಿ ಅಲ್ಲಿ ಚೆಂಡು ಪುಟಿಸುತ್ತಿರುತ್ತಾರೆ. ಅಂತರ ಕಾಲೇಜು ಪಂದ್ಯವಿದ್ದರೆ ಗೆಳೆಯರೆಲ್ಲ ಸುತ್ತ ನಿಂತು ಕೂಗಿ ಹುರಿದುಂಬಿಸುತ್ತಾರೆ. ಟಿಕೆಟ್ ಇಲ್ಲ, ಟಿ.ವಿ. ಕ್ಯಾಮರಾ ಅಂತೂ ಇಲ್ಲವೇ ಇಲ್ಲ.

ಅಮೆರಿಕದಲ್ಲಿ ಕಾಲೇಜು ಆಟದ ಚಿತ್ರವೇ ಬೇರೆ. 1968ರ ಜನವರಿ 20ರ ರಾತ್ರಿ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಎಂಬ ಮುಚ್ಚಿದ ಕ್ರೀಡಾಂಗಣದಲ್ಲಿ ಎರಡು ವಿಶ್ವವಿದ್ಯಾನಿಲಯಗಳ ತಂಡಗಳು ಎದುರಾದವು. ನೋಡಲು ಬಂದವರು 52,693 ಮಂದಿ! ಋತುವಿನ ಒಂದು ಸಾಮಾನ್ಯ ಕಾಲೇಜು ಪಂದ್ಯ ರಾತ್ರಿಯ ಮುಖ್ಯ ವೇಳೆಯಲ್ಲಿ ದೇಶದಾದ್ಯಂತ ಟಿ.ವಿ.ಯಲ್ಲಿ ಪ್ರಸಾರವಾದದ್ದು ಅದೇ ಮೊದಲು. ಹ್ಯೂಸ್ಟನ್ ತಂಡ 71–69ರಿಂದ ಗೆದ್ದಿತು. ಸೋತದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಕೇಂದ್ರ, ಅಂದರೆ ಯು.ಸಿ.ಎಲ್.ಎ. ಆ ತಂಡದ ಮುಖ್ಯ ಆಟಗಾರ ಕೆಲವೇ ದಿನಗಳ ಹಿಂದೆ ಕಣ್ಣಿನ ಪಾರದರ್ಶಕ ಪಟಲಕ್ಕೆ ಗೀರು ಬಿದ್ದಿದ್ದರೂ ಆಡಿದ್ದ.

ಟಿಕೆಟ್ಟಿನಿಂದ ಹಣ ಬಂತು, ಪ್ರಸಾರದಿಂದ ಹಣ ಬಂತು. ಆಡಿದ ಹುಡುಗರಿಗೆ ಬಂದದ್ದೇನು? ಸಂಬಳವಿಲ್ಲ, ಸಂಭಾವನೆಯಿಲ್ಲ. ಏಕೆಂದರೆ ಅವರು 'ವಿದ್ಯಾರ್ಥಿಗಳು'. ನಮ್ಮ ಸ್ಟುಡಿಯೋಗೆ ಬಂದು ಹತ್ತು ನಿಮಿಷ ಮಾತನಾಡಿದವರಿಗೂ ನಾವು ಒಪ್ಪಂದದ ಕಾಗದ ಕೊಟ್ಟು ಸಹಿ ಪಡೆಯುತ್ತೇವೆ, ಅಲ್ಪವಾದರೂ ಸಂಭಾವನೆ ಕೊಡುತ್ತೇವೆ. ಆದ್ದರಿಂದಲೇ ಇರಬೇಕು, ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಯು.ಸಿ.ಎಲ್.ಎ.ಯಿಂದ ಹೊರಟು ವೃತ್ತಿ ಆಟಗಾರರಾದ ಕೆಲವರ ಬದುಕಿನಲ್ಲಿ ಇದಕ್ಕೆ ಉತ್ತರ ಸಿಗುತ್ತದೆಯೇ, ನೋಡೋಣ.

ಮೊದಲ ಬಾಗಿಲು

ನಮ್ಮಲ್ಲಿ ಕ್ರೀಡಾ ಕೋಟಾದಲ್ಲಿ ಸೀಟು ಸಿಗುವುದನ್ನು ನೀವು ಬಲ್ಲಿರಿ. ಅಮೆರಿಕದ ಕ್ರೀಡಾ ವಿದ್ಯಾರ್ಥಿವೇತನ ಅದಕ್ಕಿಂತ ದೊಡ್ಡದು: ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವೂ ಅದರಲ್ಲಿ ಸೇರುತ್ತವೆ. ಆದರೆ ಅದರಾಚೆ ಆಟದಿಂದ ಒಂದು ಡಾಲರನ್ನೂ ಪಡೆಯಕೂಡದೆಂದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್.ಸಿ.ಎ.ಎ. ದಶಕಗಳ ಕಾಲ ನಿಯಮ ಮಾಡಿತ್ತು. ಹಣ ಬೇಕೆಂದರೆ ಕಾಲೇಜು ಬಿಟ್ಟು ವೃತ್ತಿ ತಂಡ ಸೇರಬೇಕಿತ್ತು.

ಎಲ್ಲರಿಗೂ ಆ ಬಾಗಿಲು ತೆರೆದಿರಲಿಲ್ಲ. ಯು.ಸಿ.ಎಲ್.ಎ.ಯ ಡಾನ್ ಬಾರ್ಕ್ಸ್‌ಡೇಲ್ 1947ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರರ ಪಟ್ಟಿಗೆ ಆಯ್ಕೆಯಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅವರೊಬ್ಬರೇ ಕಪ್ಪು ವರ್ಣೀಯರು. ಆದರೆ ವೃತ್ತಿ ತಂಡಗಳ ಕೂಟವಾದ ಎನ್.ಬಿ.ಎ. 1950ರವರೆಗೆ ಕಪ್ಪು ವರ್ಣೀಯರನ್ನು ಆಡಿಸಲೇ ಇಲ್ಲ. ಬಾರ್ಕ್ಸ್‌ಡೇಲ್ ಅಲ್ಲಿಗೆ ಕಾಲಿಟ್ಟದ್ದು 1951ರಲ್ಲಿ, 28ನೆಯ ವಯಸ್ಸಿನಲ್ಲಿ. ಎರಡೇ ವರ್ಷಗಳಲ್ಲಿ, 1953ರಲ್ಲಿ, ಕೂಟದ ತಾರೆಯರ ಪಂದ್ಯಕ್ಕೆ ಆಯ್ಕೆಯಾದ ಮೊದಲ ಕಪ್ಪು ವರ್ಣೀಯ ಆಟಗಾರರಾದರು. ದೇಹದಲ್ಲಿ ಕಸುವಿದ್ದ ಎಷ್ಟು ವರ್ಷಗಳು ಕಾಯುವುದರಲ್ಲೇ ಕಳೆದವು, ಲೆಕ್ಕ ಹಾಕಿ.

ಕಾಲುಚೀಲದ ಪಾಠ

1948ರಲ್ಲಿ ಜಾನ್ ವುಡನ್ ಯು.ಸಿ.ಎಲ್.ಎ.ಗೆ ತರಬೇತುದಾರರಾಗಿ ಬಂದರು. ಹಿಂದೆ ಅವರು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಪ್ರತಿ ವರ್ಷದ ಮೊದಲ ದಿನ ಅವರು ಕಲಿಸುತ್ತಿದ್ದದ್ದು ಕಾಲುಚೀಲ ಮತ್ತು ಶೂ ಹಾಕಿಕೊಳ್ಳುವುದನ್ನು! ಚೀಲದಲ್ಲಿ ಸುಕ್ಕು ಉಳಿದರೆ ಬೊಕ್ಕೆ ಏಳುತ್ತದೆ. ಬೊಕ್ಕೆ ಎದ್ದರೆ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದರೆ ಪಂದ್ಯ ಕೈಬಿಡುತ್ತದೆ. 1964ರಿಂದ 1975ರವರೆಗಿನ 12 ವರ್ಷಗಳಲ್ಲಿ ಅವರ ತಂಡ 10 ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದರಲ್ಲಿ 7 ಸತತವಾಗಿ.

ಹ್ಯೂಸ್ಟನ್ನಿನಲ್ಲಿ ಗಾಯದ ಕಣ್ಣಿನಿಂದ ಆಡಿದ ಹುಡುಗ ವುಡನ್‌ರ ಶಿಷ್ಯ. ಹೆಸರು ಲ್ಯೂ ಆಲ್ಸಿಂಡರ್. ಎತ್ತರ 7 ಅಡಿ 2 ಅಂಗುಲ. ಅವನಿದ್ದ ಮೂರು ಋತುಗಳಲ್ಲಿ ತಂಡ 88 ಪಂದ್ಯ ಗೆದ್ದು ಎರಡನ್ನು ಮಾತ್ರ ಸೋತಿತು. ಚೆಂಡನ್ನು ಮೇಲಿನಿಂದ ಬುಟ್ಟಿಯೊಳಗೆ ತುರುಕುವ 'ಡಂಕ್' ಹೊಡೆತವನ್ನು ಎನ್.ಸಿ.ಎ.ಎ. 1967ರಲ್ಲಿ ನಿಷೇಧಿಸಿತು. ಆ ಹುಡುಗ ಎದೆಗುಂದಲಿಲ್ಲ. ಮೊದಲೇ ಬಲ್ಲ ಒಂದು ಹೊಡೆತವನ್ನು ತಿದ್ದಿ ತೀಡಿದ. ಎದುರಾಳಿಗೆ ಭುಜ ಒಡ್ಡಿ, ದೂರದ ಕೈಯನ್ನು ನೇರ ಮೇಲೆತ್ತಿ, ಚೆಂಡನ್ನು ಕಮಾನಿನಂತೆ ಬಿಡುವ 'ಸ್ಕೈ ಹುಕ್' ಅದು. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ: ಚೆಂಡು ಎಷ್ಟು ಕಡಿದಾಗಿ ಇಳಿಯುತ್ತದೆಯೋ, ಬುಟ್ಟಿಯ ಬಾಯಿ ಅದಕ್ಕೆ ಅಷ್ಟು ಅಗಲವಾಗಿ ಒದಗುತ್ತದೆ. ಓರೆಯಾಗಿ ಬರುವ ಚೆಂಡಿಗೆ ಅದೇ ಬಾಯಿ ಕಿರಿದಾಗುತ್ತದೆ.

1969ರಲ್ಲಿ ಇತಿಹಾಸದಲ್ಲಿ ಪದವಿ ಪಡೆದು ಹೊರಬಂದ ಆತನನ್ನು ಮಿಲ್ವಾಕಿ ತಂಡ ಎಲ್ಲರಿಗಿಂತ ಮೊದಲು ಆಯ್ದುಕೊಂಡಿತು. 1971ರಿಂದ ಜಗತ್ತು ಅವರನ್ನು ಕರೀಂ ಅಬ್ದುಲ್ ಜಬ್ಬಾರ್ ಎಂದು ಕರೆಯಿತು. ಆರು ಬಾರಿ ಚಾಂಪಿಯನ್ ತಂಡದಲ್ಲಿದ್ದು, 38,387 ಅಂಕ ಗಳಿಸಿ 1989ರಲ್ಲಿ ನಿವೃತ್ತರಾದರು. ಲೆಬ್ರಾನ್ ಜೇಮ್ಸ್ ಆ ದಾಖಲೆಯನ್ನು ದಾಟಿದ್ದು 2023ರಲ್ಲಿ. ಇಷ್ಟಾದರೂ ಕಾಲೇಜು ದಿನಗಳಲ್ಲಿ ತಮ್ಮ ಜೇಬು ಬರಿದಾಗಿರುತ್ತಿತ್ತೆಂದು ಅವರೇ ಮುಂದೆ ಬರೆದಿದ್ದಾರೆ.

ಅವರ ನಂತರ ಬಂದವರು ಬಿಲ್ ವಾಲ್ಟನ್. 1973ರ ರಾಷ್ಟ್ರೀಯ ಫೈನಲ್‌ನಲ್ಲಿ 22 ಹೊಡೆತಗಳಲ್ಲಿ 21ನ್ನು ಬುಟ್ಟಿಗೆ ಹಾಕಿ 44 ಅಂಕ ಗಳಿಸಿದರು. ವೃತ್ತಿ ಆಟದಲ್ಲಿ 1977ರಲ್ಲಿ ಪೋರ್ಟ್‌ಲೆಂಡ್ ತಂಡಕ್ಕೆ ಪ್ರಶಸ್ತಿ ತಂದರು. ಆದರೆ ಪಾದದ ಮೂಳೆಗಳು ಮತ್ತೆ ಮತ್ತೆ ಮುರಿದು, ಋತುಗಳಿಗೆ ಋತುಗಳೇ ಹಾಳಾದವು. ಬಾಲ್ಯದಿಂದ ತೊದಲುತ್ತಿದ್ದ ಅವರು 28ನೆಯ ವಯಸ್ಸಿನಲ್ಲಿ ಅದನ್ನು ಗೆದ್ದು, ಕೊನೆಗೆ ಟಿ.ವಿ.ಯ ಹೆಸರಾಂತ ವೀಕ್ಷಕ ವಿವರಣೆಗಾರರಾದರು. 2024ರಲ್ಲಿ ತೀರಿಕೊಂಡರು.

ವಿದ್ಯಾರ್ಥಿನಿಯರು ನೆನಪಿಡಬೇಕಾದ ಹೆಸರು ಆ್ಯನ್ ಮೈಯರ್ಸ್. ಯು.ಸಿ.ಎಲ್.ಎ.ಯಿಂದ ನಾಲ್ಕು ವರ್ಷದ ಪೂರ್ಣ ಕ್ರೀಡಾ ವಿದ್ಯಾರ್ಥಿವೇತನ ಪಡೆದ ಮೊದಲ ಮಹಿಳೆ ಅವರು. 1979ರಲ್ಲಿ ಗಂಡಸರ ತಂಡವಾದ ಇಂಡಿಯಾನಾ ಪೇಸರ್ಸ್ ಅವರೊಡನೆ 50,000 ಡಾಲರಿನ ಒಪ್ಪಂದ ಮಾಡಿಕೊಂಡಿತು. ಮೂರು ದಿನಗಳ ಪರೀಕ್ಷೆಯ ನಂತರ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಅವರು ಮಹಿಳೆಯರ ವೃತ್ತಿ ಕೂಟದಲ್ಲಿ ಆಡಿ ಹೆಸರು ಮಾಡಿದರು.

ಯಾರ ಮುಖ, ಯಾರ ಹಣ?

ಪ್ರೌಢಶಾಲೆ ಮುಗಿಸಿ ನಾಲ್ಕು ವರ್ಷ ತುಂಬದವರನ್ನು ವೃತ್ತಿ ಕೂಟ ಹಿಂದೆ ಸೇರಿಸಿಕೊಳ್ಳುತ್ತಿರಲಿಲ್ಲ. ಸ್ಪೆನ್ಸರ್ ಹೇವುಡ್ ಎಂಬ ಆಟಗಾರ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಮೇಲೆ, 1971ರಲ್ಲಿ ಈ ನಿಯಮ ಸಡಿಲವಾಯಿತು. 2005ರ ಒಪ್ಪಂದ ಕಾಯುವ ಅವಧಿಯನ್ನು ಒಂದು ವರ್ಷಕ್ಕೆ ನಿಲ್ಲಿಸಿತು. ಆಗ ಪ್ರತಿಭಾವಂತರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಡತೊಡಗಿದರು. ಯು.ಸಿ.ಎಲ್.ಎ.ಯ ಕೆವಿನ್ ಲವ್ 2008ರಲ್ಲಿ ಹೋದದ್ದು ಹೀಗೆಯೇ. ಆದರೆ ಕಾಲೇಜಿನಲ್ಲೇ ಮಿಂಚಿ, ವೃತ್ತಿ ಆಟದಲ್ಲಿ ಮಂಕಾದವರ ಗತಿಯೇನು?

ಎಡ್ ಒಬ್ಯಾನನ್ ಅಂಥವರಲ್ಲಿ ಒಬ್ಬರು. 1995ರ ಫೈನಲ್‌ನಲ್ಲಿ ಅವರು 30 ಅಂಕ ಗಳಿಸಿ ಯು.ಸಿ.ಎಲ್.ಎ.ಗೆ ಪ್ರಶಸ್ತಿ ತಂದರು. ಕಾಲೇಜಿಗೆ ಬಂದ ಹೊಸದರಲ್ಲೇ ಮೊಣಕಾಲಿಗೆ ಭಾರಿ ಪೆಟ್ಟು ಬಿದ್ದಿತ್ತು. ಎನ್.ಬಿ.ಎ.ಯಲ್ಲಿ ಅವರು ಉಳಿದದ್ದು ಎರಡೇ ಋತು. ಬಳಿಕ ವಿದೇಶಿ ತಂಡಗಳಲ್ಲಿ ಆಡಿ, ಕೊನೆಗೆ ಲಾಸ್ ವೇಗಸ್‌ನಲ್ಲಿ ಕಾರು ಮಾರುವ ಕೆಲಸಕ್ಕೆ ಸೇರಿದರು. ಒಂದು ದಿನ ಪರಿಚಯದವರ ಮನೆಯಲ್ಲಿ ಹುಡುಗನೊಬ್ಬ ಆಡುತ್ತಿದ್ದ ವಿಡಿಯೋ ಗೇಮ್ ನೋಡಿ ಬೆರಗಾದರು. ಪರದೆಯಲ್ಲಿದ್ದ ಆಟಗಾರ ಎಡಚ, ಬೋಳುತಲೆ, ಅಂಗಿಯ ಮೇಲೆ 31. ಅದು ಅವರೇ! ಹೆಸರು ಮಾತ್ರ ಇರಲಿಲ್ಲ. ಗೇಮ್ ಮಾರಿದವರಿಗೆ ಹಣ ಬಂದಿತ್ತು. ಅವರಿಗೆ ಏನೂ ಬಂದಿರಲಿಲ್ಲ.

2009ರಲ್ಲಿ ಅವರು ಎನ್.ಸಿ.ಎ.ಎ. ವಿರುದ್ಧ ಮೊಕದ್ದಮೆ ಹೂಡಿದರು. ಆಟಗಾರರ ಹೆಸರು ಮತ್ತು ರೂಪದ ಬಳಕೆಗೆ ಪ್ರತಿಫಲ ನಿಷೇಧಿಸುವ ನಿಯಮ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2014ರಲ್ಲಿ ತೀರ್ಪಿತ್ತರು. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ಭಾಗಶಃ ಮಾತ್ರ ಎತ್ತಿಹಿಡಿಯಿತು. ಆದರೆ ಗೋಡೆಯಲ್ಲಿ ಬಿರುಕು ಬಿಟ್ಟಾಗಿತ್ತು. 2021ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಎನ್.ಸಿ.ಎ.ಎ. ವಿರುದ್ಧ ತೀರ್ಪು ನೀಡಿತು. ಅದೇ ಜುಲೈನಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. 2025ರ ಜೂನ್‌ನಲ್ಲಿ ಒಪ್ಪಿಗೆ ಪಡೆದ ರಾಜಿ, ವಿಶ್ವವಿದ್ಯಾನಿಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ದಾರಿ ತೆರೆಯಿತು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾನಿಲಯದ ಮಿತಿ ಸುಮಾರು 2.05 ಕೋಟಿ ಡಾಲರ್. ಒಬ್ಯಾನನ್‌ರ ಆಟದ ದಿನಗಳು ಆಗ ಎಂದೋ ಮುಗಿದಿದ್ದವು.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ದುಡ್ಡು ಬಂದಲ್ಲಿ ಪಾಠ ಹಿಂದೆ ಬೀಳುವ ಭಯ ಇದ್ದೇ ಇದೆ. ಕರೀಂ ಅವರಿಗೆ ಕಾಲೇಜು ಒಂದು ಪದವಿಯನ್ನೂ, ಬರೆಯುವ ಬಲವನ್ನೂ ಕೊಟ್ಟಿತು. ಆಟ ನಿಂತ ಮೇಲೂ ಅದು ಅವರ ಕೈಬಿಡಲಿಲ್ಲ. ಅದು ಸಣ್ಣ ಕೊಡುಗೆಯಲ್ಲ. ಆದರೆ ಕೊಟ್ಟದ್ದನ್ನು ಮುಂದೆ ಮಾಡಿ, ಒಬ್ಬನ ದುಡಿಮೆಯ ಫಲವನ್ನು ಹಿಡಿದಿಟ್ಟುಕೊಳ್ಳುವುದು ನ್ಯಾಯವೇ? ಅಂಗಳದಲ್ಲಿ ಬೆವರು ಸುರಿಸುವ ನಿಮ್ಮ ಗೆಳೆಯನನ್ನೋ ಗೆಳತಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಿ. ಮತ್ತೆ ಆಡಲು ಇಳಿಯುವ ಮುನ್ನ ಕಾಲುಚೀಲದ ಸುಕ್ಕು ತೆಗೆಯುವುದನ್ನು ಮರೆಯಬೇಡಿ.