ಪಡಸಾಲೆಯಲ್ಲೇ ನಿಂತ ತಂತಿ

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಗೆ ನೀರು ಬಿಟ್ಟರು ಎಂದು ಪೇಪರಿನಲ್ಲಿ ಬಂದ ದಿನ ಹರಿಹರ ತಾಲ್ಲೂಕಿನ ರೈತ ಹಿಗ್ಗುವುದಿಲ್ಲ. ಮೇಲಿನವರ ಗದ್ದೆ ತುಂಬಿ, ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್ಟುಗಳ ಬಾಯಿ ತಪ್ಪಿಸಿಕೊಂಡು, ಉಪಕಾಲುವೆಯ ಹೂಳು ದಾಟಿ ತನ್ನ ತೂಬಿಗೆ ಬಂದಾಗಲೇ ಅವನ ಪಾಲಿಗೆ ನೀರು ಬಿಟ್ಟ ಲೆಕ್ಕ. ಅಣೆಕಟ್ಟೆಯ ಕೆಲಸ 1947ರಲ್ಲಿ ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. ‘ಕೊನೆಭಾಗ’ದವರ ಅಹವಾಲು ಇನ್ನೂ ಮುಗಿದಿಲ್ಲ. ಕಡರನಾಯಕನಹಳ್ಳಿಯಂಥ ಊರಿನ ಮನೆಯೊಂದರಲ್ಲಿ ಇವತ್ತು ಮೆಶ್ ವೈಫೈ ಡಬ್ಬಿಗಳನ್ನು ಜೋಡಿಸಲು ಹೊರಟರೆ ಅದನ್ನೂ ಈ ಕೊನೆಭಾಗದ ಮಾತಿನಿಂದಲೇ ಅರ್ಥ ಮಾಡಿಕೊಳ್ಳಬೇಕು ಎಂಬುದು ನನ್ನ ವಾದ. ರೇಡಿಯೊ, ಫೋನು, ಟಿ.ವಿ., ಇಂಟರ್ನೆಟ್ ಇವುಗಳ ಚರಿತ್ರೆಯನ್ನು ಊರಿಗೆ ಬಂದ ವರ್ಷದಿಂದ ಎಣಿಸುವುದು ರೂಢಿ. ಊರಿಗೆ ಬಂದದ್ದು ಮನೆಗೆ ಬಂತೇ, ಪಡಸಾಲೆಗೆ ಬಂದದ್ದು ಅಡುಗೆಮನೆಗೆ ಬಂತೇ ಎಂದು ಕೇಳುವವರು ಕಡಿಮೆ. ಕೇಳಿ ನೋಡಿದರೆ ತಂತಿ ಪ್ರತಿಸಲವೂ ಪಡಸಾಲೆಯವರೆಗೆ ಬಂದು ನಿಂತಿದೆ. ಅದರಾಚೆಯ ನಾಲ್ಕಾರು ಅಂಕಣಗಳನ್ನು ಅದು ದಾಟಿದ್ದು ತೀರ ಈಚೆಗೆ.

ರೇಡಿಯೊದಿಂದ ಶುರುಮಾಡೋಣ. ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾದಾಗ ದಾವಣಗೆರೆ-ಹರಿಹರದ ಸೀಮೆಗೆ ಹತ್ತಿರದ ಕನ್ನಡ ದನಿ ಅದೇ. ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪಡೆದು ವರ್ಷ ವರ್ಷ ದುಡ್ಡು ಕಟ್ಟಬೇಕಾಗಿದ್ದ ಕಾಲ. ಹೀಗೆ ಸರ್ಕಾರದ ಕಾಗದವಿದ್ದ ವಸ್ತು ಸಹಜವಾಗಿಯೇ ಪಡಸಾಲೆಯ ಗೂಡು ಸೇರಿತು. ಮೇಲೆ ಗೋಡೆಯಿಂದ ಗೋಡೆಗೆ ಪಟ್ಟಿಯಂತೆ ಬಿಗಿದ ತಾಮ್ರದ ಜಾಲರಿಯ ಏರಿಯಲ್, ಕೆಳಗೆ ಕಸೂತಿ ಬಟ್ಟೆ ಹೊದ್ದ ಮರದ ಪೆಟ್ಟಿಗೆ, ತಿರುಗಣೆಯ ಮೇಲೆ ಯಜಮಾನರ ಕೈ. ಅಡುಗೆಮನೆಯವರಿಗೆ ಸಿಕ್ಕಿದ್ದು ಬಾಗಿಲು ದಾಟಿ ಬಂದಷ್ಟು ದನಿ. ಆದರೂ ರೇಡಿಯೊ ಉದಾರಿ ಎನ್ನಬೇಕು. ದನಿ ಏರಿಸಿದರೆ ಹಿತ್ತಲಲ್ಲಿ ಪಾತ್ರೆ ತೊಳೆಯುವವರಿಗೂ ಚಿತ್ರಗೀತೆ ಕೇಳಿಸುತ್ತಿತ್ತು. ಮುಂದೆ ಬಂದ ಯಂತ್ರಗಳಿಗೆ ಆ ಉದಾರತೆಯೂ ಇರಲಿಲ್ಲ.

ಫೋನಿನ ಕಥೆಯಲ್ಲಿ ಕೊನೆಭಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ಸಿ-ಡಾಟ್ ಸಂಸ್ಥೆ ಹುಟ್ಟಿದ್ದು 1984ರಲ್ಲಿ. ಅದು ತಯಾರಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೆಲಸ ಶುರುಮಾಡಿತು. 128 ಪೋರ್ಟುಗಳ ಆ ಪೆಟ್ಟಿಗೆಗೆ ಏಸಿ ಕೋಣೆ ಬೇಕಿರಲಿಲ್ಲ. ಹಳ್ಳಿಯ ಸೆಕೆ, ದೂಳು ತಡೆದುಕೊಳ್ಳುವಂತೆ ಮಾಡಿದ್ದೇ ಅದರ ಹೆಚ್ಚುಗಾರಿಕೆ. ಹೀಗೆ ಎಕ್ಸ್‌ಚೇಂಜ್ ಹೋಬಳಿಗೆ ಬಂತು, ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಸ್‌ಸ್ಟ್ಯಾಂಡಿಗೆ ಬಂತು, ಊರಿನ ಒಂದೆರಡು ಮನೆಗೆ ಲೈನೂ ಬಂತು. ಉಳಿದ ದೂರವನ್ನು ದಾಟಿಸಿದವರು ಮನುಷ್ಯರು. ಆಗಿನ ಲಗ್ನಪತ್ರಿಕೆ, ಅಂಗಡಿಯ ಬಿಲ್ಲುಗಳಲ್ಲಿ ನಂಬರಿನ ಮುಂದೆ ‘ಪಿಪಿ’ ಎಂದು ಅಚ್ಚಾಗಿರುತ್ತಿತ್ತು. ಫೋನು ನಮ್ಮದಲ್ಲ, ಪಕ್ಕದ ಮನೆಯವರದು, ಕರೆ ಬಂದರೆ ಕೂಗಿ ಹೇಳುತ್ತಾರೆ ಎಂದು ಅದರ ಅರ್ಥ. ಕರೆ ಬಂದೊಡನೆ ಆ ಮನೆಯ ಹುಡುಗ ಓಣಿಯುದ್ದಕ್ಕೂ ಓಡುತ್ತಿದ್ದ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವುದನ್ನೇ ಮೆಶ್ ಎನ್ನುವುದಾದರೆ ಆ ಹುಡುಗನೂ ಮೆಶ್ಶಿನ ಒಂದು ಕೊಂಡಿ. ಇನ್ನು ಫೋನಿದ್ದ ಮನೆಯೊಳಗೆ ಆಗಿದ್ದು ರೇಡಿಯೊಗೆ ಆಗಿದ್ದೇ. ಉಪಕರಣ ಪಡಸಾಲೆಯ ಸ್ಟೂಲಿನ ಮೇಲೆ. ಡಯಲ್ಲಿನ ರಂಧ್ರಕ್ಕೆ ಸಣ್ಣದೊಂದು ಬೀಗ, ಕೀಲಿಕೈ ಯಜಮಾನರ ಹತ್ತಿರ. ಒಳಗಿನ ಕೋಣೆಗೆ ಪ್ಯಾರಲಲ್ ಎಳೆಸುವುದು ಸಾಧ್ಯವಿದ್ದರೂ ಎಳೆಸಿದವರು ಕಡಿಮೆ. ಇಲ್ಲಿ ಮಾತಾಡಿದ್ದನ್ನು ಅಲ್ಲಿ ಎತ್ತಿ ಕೇಳಿಯಾರು ಎಂಬ ಅಳುಕು ಬೇರೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ತಂತಿ ಬರುವುದು ಬೀದಿಯ ಕಡೆಯಿಂದ, ಹಾಗಾಗಿ ಪೆಟ್ಟಿಗೆ ಮುಂಭಾಗದಲ್ಲಿ ಕೂರುತ್ತದೆ. ಇದರಲ್ಲಿ ಮನೆತನದ ರೀತಿ-ರಿವಾಜು ಹುಡುಕುವುದೇಕೆ? ಆಕ್ಷೇಪದಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಕರೆಂಟೂ ಬೀದಿಯ ಕಂಬದಿಂದಲೇ ಬರುತ್ತದೆ, ಮೀಟರು ಮುಂಬಾಗಿಲ ಹತ್ತಿರವೇ ಇರುತ್ತದೆ. ಆದರೆ ಮೀಟರಿನ ಪಕ್ಕ ಒಂದು ಬಲ್ಬು ಉರಿದರೆ ಸಾಕೆಂದು ಯಾರೂ ಸುಮ್ಮನಿರಲಿಲ್ಲ. ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಮೊದಲು ಕೊಟ್ಟಿದ್ದು ಒಂದೇ ಬಲ್ಬು. ಅದು ಸಾಲದೆಂಬುದು ಕೊಟ್ಟವರಿಗೂ ಗೊತ್ತಿತ್ತು, ಪಡೆದವರಿಗೂ ಗೊತ್ತಿತ್ತು. ಕೈಯಲ್ಲಿ ಕಾಸಾಡಿದೊಡನೆ ಮರದ ಪಟ್ಟಿ ಹೊಡೆಸಿ ಅಡುಗೆಮನೆಗೆ, ಕೊಟ್ಟಿಗೆಗೆ, ಬಚ್ಚಲಿಗೆ ವೈರು ಎಳೆಸಿದರು. ಬೆಳಕು ಎಲ್ಲರಿಗೂ ಬೇಕಾದ್ದು, ಮಾತು-ಸುದ್ದಿ ಮನೆಯ ಹಿರಿಯರಿಗೆ ಬೇಕಾದ್ದು ಎಂಬ ಎಣಿಕೆ ಇಲ್ಲದಿದ್ದರೆ ಎರಡು ತಂತಿಗಳ ಹಣೆಬರಹ ಇಷ್ಟು ಬೇರೆಯಾಗುತ್ತಿರಲಿಲ್ಲ.

ಟಿ.ವಿ.ಯದು ಹೆಚ್ಚು ಹೇಳಬೇಕಾಗಿಲ್ಲ. ಕೇಬಲ್ಲಿನವರು ಮಾಳಿಗೆಯಿಂದ ಮಾಳಿಗೆಗೆ ವೈರು ಎಸೆದು, ಕಂಬಕ್ಕೊಂದು ಆಂಪ್ಲಿಫೈಯರ್ ಕಟ್ಟಿ ಓಣಿ ಓಣಿಗೆ ಚಿತ್ರ ತಲುಪಿಸಿದರು. ಸಾಲಿನ ಕೊನೆಯ ಮನೆಗೆ ಚುಕ್ಕಿ ಚುಕ್ಕಿ ಚಿತ್ರ ಬಂದರೆ ಅದೂ ಕೊನೆಭಾಗದ ಪಾಡೇ. ನಮಗೆ ಮುಖ್ಯವಾದ ವರ್ಷ 2005. ಆ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಬಳಕೆಗೆ ಪರವಾನಗಿಯಿಂದ ಮುಕ್ತಗೊಳಿಸಿತು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದದ್ದೂ ಆಗಲೇ. ಒಂದು ಕಾಲಕ್ಕೆ ರೇಡಿಯೊ ಕೇಳುವುದಕ್ಕೂ ಕಾಗದ ಬೇಡುತ್ತಿದ್ದ ದೇಶದಲ್ಲಿ ಯಾರು ಬೇಕಾದರೂ ತಮ್ಮ ಮನೆಯೊಳಗೆ ತಾವೇ ಪುಟ್ಟ ರೇಡಿಯೊ ನಿಲಯ ನಡೆಸುವಂತಾಯಿತು ಎಂದರೆ ಸಣ್ಣ ಮಾತಲ್ಲ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಗಳೂ ವಿಸ್ತಾರವಾಗಿ ಬಿಡುಗಡೆಯಾದವು. ಆದರೆ ತಂತಿಯ ಹಳೆಯ ಚಾಳಿ ಬಿಡಲಿಲ್ಲ. ಫೋನಿದ್ದ ಸ್ಟೂಲಿನ ಮೇಲೇ ರೂಟರ್ ಬಂದು ಕೂತಿತು. ಸರ್ಕಾರದ ಮಟ್ಟದಲ್ಲೂ ಅದೇ ಆಯಿತು. 2011ರಲ್ಲಿ ಒಪ್ಪಿಗೆ ಪಡೆದು ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಗ್ರಾಮ ಪಂಚಾಯಿತಿಗೆ ಒಂದು ಫೈಬರ್ ಬಿಂದು. ಪಂಚಾಯಿತಿ ಕಟ್ಟಡ ಇಡೀ ಊರಿನ ಪಡಸಾಲೆಯಾಯಿತು.

ಈ ಏರ್ಪಾಡಿನ ದೌರ್ಬಲ್ಯ ಬಯಲಾದದ್ದು 2020ರಲ್ಲಿ. ಶಾಲೆ, ಆಫೀಸು ಎರಡೂ ಒಂದೇ ಸಲ ಮನೆಗೆ ಬಂದವು. ನೆಟ್ ಸಿಗದ ಮಕ್ಕಳಿಗಾಗಿ ಶಿಕ್ಷಕರೇ ಓಣಿಗಳಿಗೆ ಹೋಗಿ ಪಾಠ ಮಾಡುವ ‘ವಿದ್ಯಾಗಮ’ವನ್ನು ರಾಜ್ಯ ಸರ್ಕಾರ ಆ ವರ್ಷ ತರಬೇಕಾಯಿತು. ಪಿಪಿ ಕಾಲದ ಹುಡುಗ ಮೇಷ್ಟ್ರ ರೂಪದಲ್ಲಿ ಮತ್ತೆ ಓಡಿದಂತೆ. ನೆಟ್ ಇದ್ದ ಮನೆಗಳಲ್ಲಿ ಪಡಸಾಲೆಯ ಗದ್ದಲ ತಪ್ಪಿಸಿ ಒಳಕೋಣೆಗೆ ಹೋದರೆ ಸಿಗ್ನಲ್ ಕೈಕೊಡುತ್ತಿತ್ತು. ಕಾರಣ ಗೋಡೆಗಳಲ್ಲಿದೆ. 5 ಗಿಗಾಹರ್ಟ್ಸ್ ಅಲೆಯ ಉದ್ದ ಐದಾರು ಸೆಂಟಿಮೀಟರ್ ಮಾತ್ರ. ವೇಗ ಹೆಚ್ಚು, ಗೋಡೆ ತೂರುವ ಶಕ್ತಿ ಕಡಿಮೆ. ಎರಡಡಿ ದಪ್ಪದ ಮಣ್ಣಿನ ಗೋಡೆ ಅದನ್ನು ಹೀರುತ್ತದೆ, ಆರ್‌ಸಿಸಿಯ ಕಬ್ಬಿಣ ಮತ್ತು ಉಕ್ಕಿನ ಬೀರು ತಿರುಗಿಸಿ ಹೊಡೆಯುತ್ತವೆ. ನೀರಿನಂಶ ಅದರ ಕಡುವೈರಿ. ಒಕ್ಕಣೆ ಮುಗಿಸಿ ಇನ್ನೂ ತೇವ ಆರದ ಭತ್ತದ ಚೀಲಗಳನ್ನು ನಡುಮನೆಯಲ್ಲಿ ಒಟ್ಟಿದರೆ ಅದರಾಚೆಯ ಕೋಣೆಗೆ ಸಿಗ್ನಲ್ ಇಳಿಯುವುದು ಖಂಡಿತ. ಅಂದರೆ ನಮ್ಮ ಕಡೆ ವೈಫೈಗೂ ಸುಗ್ಗಿಯ ಲೆಕ್ಕವಿದೆ.

ಮೆಶ್ ಈ ತೊಡಕಿಗೆ ಬಂದ ಉತ್ತರ. ಅದರ ಮೂಲ ಮನೆಗಳದಲ್ಲ. 1970ರ ದಶಕದಲ್ಲಿ ಅಮೆರಿಕದ ಸೇನಾ ಸಂಶೋಧನೆಯಲ್ಲಿ ಒಂದು ರೇಡಿಯೊದಿಂದ ಇನ್ನೊಂದಕ್ಕೆ ಮಾಹಿತಿಯ ತುಣುಕು ದಾಟಿಸುವ ಪ್ರಯೋಗ ನಡೆಯಿತು. ವೈಫೈನ ಮೆಶ್ ಮಾನದಂಡ ಬಂದದ್ದು 2011ರಲ್ಲಿ, ಮನೆಬಳಕೆಯ ಮೆಶ್ ಸೆಟ್ಟುಗಳು ಮಾರುಕಟ್ಟೆಯಲ್ಲಿ ಸದ್ದು ಮಾಡಿದ್ದು 2016ರಿಂದೀಚೆಗೆ. ಎರಡು ಮೂರು ಡಬ್ಬಿ, ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಫೋನು ಹಿಡಿದು ಪಡಸಾಲೆಯಿಂದ ಹಿತ್ತಲಿಗೆ ನಡೆದರೆ ಸಂಪರ್ಕ ಒಂದರಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರುತ್ತದೆ. ಜೋಡಿಸುವವರು ಹೆಚ್ಚಾಗಿ ಎಡವುವುದು ಎರಡನೇ ಡಬ್ಬಿಯನ್ನು ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಇಡುವಲ್ಲಿ. ಅದು ಒಣಗಿದ ಕಾಲುವೆಗೆ ತೂಬು ಇಟ್ಟಂತೆ. ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಅರ್ಧ ದಾರಿಯಲ್ಲಿ ಇಟ್ಟರೆ ಮಾತ್ರ ಮುಂದಕ್ಕೆ ಹರಿಸಲು ಅದರ ಬಳಿ ಏನಾದರೂ ಇರುತ್ತದೆ. ಸೋರಿಕೆಯೂ ಉಂಟು. ಒಂದೇ ರೇಡಿಯೊ ಇರುವ ಡಬ್ಬಿ ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ಒಂದೊಂದು ನೆಗೆತಕ್ಕೂ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಮೊಬೈಲ್ ಡೇಟಾ ಇಷ್ಟು ಅಗ್ಗವಾದ ಮೇಲೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಕೀಲಿಕೈ ಯಜಮಾನರ ಕೈತಪ್ಪಿದ್ದು ನಿಜ. ನನ್ನ ವಾದಕ್ಕೆ ಎದುರಾಗುವ ಗಟ್ಟಿ ಮಾತು ಇದೇ. ಆದರೆ ಟವರಿನ ಸಿಗ್ನಲ್ಲೂ ಅದೇ ಗೋಡೆಯನ್ನೇ ತೂರಿ ಬರಬೇಕು. ಟಿ.ವಿ., ಲ್ಯಾಪ್‌ಟಾಪ್, ಕೊಟ್ಟಿಗೆಯ ಸಿ.ಸಿ. ಕ್ಯಾಮೆರಾಗಳು ಸಿಮ್ ಹಾಕಿಕೊಂಡು ಬರುವುದು ಅಪರೂಪ. ಮೆಶ್ ಉಳ್ಳವರ ಆಟಿಕೆ ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. ಎರಡು ಅಂಕಣದ ಮನೆಗೆ ಮೂರು ಡಬ್ಬಿ ಕೊಳ್ಳುವುದು ದಂಡ. ಇರುವ ರೂಟರನ್ನೇ ಪಡಸಾಲೆಯ ಮೂಲೆಯಿಂದ ನಡುಮನೆಗೆ, ಎದೆಮಟ್ಟಕ್ಕಿಂತ ಎತ್ತರಕ್ಕೆ ಸರಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಆದರೆ ಮೆಶ್ ಎಂಬ ಉಪಾಯ ಉಳ್ಳವರದೇ ಅಲ್ಲ. 2005ರಲ್ಲಿ ತರಂಗ ಮುಕ್ತವಾದೊಡನೆ ಹಿಮಾಚಲದ ಧರ್ಮಶಾಲಾದ ಗುಡ್ಡಗಳಲ್ಲಿ ಸಮುದಾಯದ ಮೆಶ್ ಎದ್ದಿತು. ನಮ್ಮಲ್ಲಿ ತುಮಕೂರು ಬಳಿಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಜನಸ್ತು ಸಂಸ್ಥೆ ಊರವರದೇ ಆದ ವೈಫೈ ಮೆಶ್ ಕಟ್ಟುವ ಕೆಲಸ ಮಾಡಿದೆ. ಮನೆಯೊಳಗಿನ ಕೋಣೆಗಳಿಗೆ ಸಲ್ಲುವ ಉಪಾಯ ಊರೊಳಗಿನ ಮನೆಗಳಿಗೂ ಸಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಇಷ್ಟೆಲ್ಲ ಆದರೂ ಗಾಳಿಗಿಂತ ತಂತಿಯೇ ಗಟ್ಟಿ. ಮೆಶ್ ಡಬ್ಬಿಗಳ ನಡುವೆ ಒಂದು ಲ್ಯಾನ್ ಕೇಬಲ್ ಎಳೆದರೆ ವೇಗ ಅರ್ಧವಾಗುವ ಮಾತೇ ಇಲ್ಲ. ಹಳೆಯ ಮನೆಯಲ್ಲಿ ಇದಕ್ಕಾಗಿ ಗೋಡೆ ಕೊರೆಯುವುದು ಕಷ್ಟ, ಹೊಸ ಮನೆಯಲ್ಲಿ ಏನೂ ಅಲ್ಲ. ಕಟ್ಟಿಸುವವರಲ್ಲಿ ಒಂದು ಕೋರಿಕೆ: ಸ್ಲ್ಯಾಬು ಹಾಕುವ ಮುನ್ನ, ಕರೆಂಟಿನ ಪೈಪು ಕೂರಿಸುವ ದಿನವೇ, ಪಡಸಾಲೆಯಿಂದ ಅಡುಗೆಮನೆಗೂ ಹಿಂದಿನ ಕೋಣೆಗೂ ಬೇರೆಯದೊಂದು ಖಾಲಿ ಪೈಪು ಹಾಕಿಸಿಬಿಡಿ.